ಹಳೇ ಗಾಡಿಗೆ ರಿಮೋಟ್ ಬೀಗ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ಬಾಗಿಲು ತೆರೆಯಲು ಕೀಲಿ ತಿರುಗಿಸಲೇಬೇಕಿತ್ತು. ಹಿಂದಿನ ಸೀಟಿನವರಿಗಾಗಿ ಡ್ರೈವರ್ ಒಳಗಿಂದ ಕೈಚಾಚಿ ಲಾಕ್ ಎತ್ತಬೇಕಿತ್ತು. ಅಷ್ಟರಲ್ಲಿ ಫ್ರಾನ್ಸಿನ ರೆನೋ ಕಂಪನಿ ತನ್ನ ಫ್ಯೂಗೊ ಕಾರಿಗೆ ರಿಮೋಟ್ ಬೀಗ ಕೊಟ್ಟಾಗಿತ್ತು.

ಇತ್ತ ಕರ್ನಾಟಕದ ಸಂಡೂರು, ಬಂಡ್ರಿ, ಹೊಸಪೇಟೆ ಸೀಮೆಯಲ್ಲಿ ಗಣಿ ದುಡ್ಡು ಹರಿದಾಡಿದ್ದು 2000ದ ದಶಕದಲ್ಲಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ದುಡ್ಡಿನ ಹರಿವು ನಿಂತು ಹೊಸ ಕಾರಿನ ಮಾತು ಮುಂದಕ್ಕೆ ಹೋದ ಮನೆಗೆ, ಇದ್ದ ಗಾಡಿಗೇ ಎಲ್ಲ ಬಾಗಿಲಿಗೂ ರಿಮೋಟಿನಿಂದ ಬೀಗ ಹಾಕುವ ಒಂದು ಸೆಂಟ್ರಲ್ ಲಾಕ್ ಕಿಟ್ ಅಗ್ಗದ ಸಡಗರವೇ ಸರಿ.

ಕೆಲಸ ನಡೆಯುವುದು ಬಾಗಿಲಿನ ಹೊಟ್ಟೆಯಲ್ಲಿ. ಮೆಕ್ಯಾನಿಕ್ ಡೋರ್ ಪ್ಯಾಡ್ ಬಿಚ್ಚಿ, ಲಾಕಿನ ಕಡ್ಡಿಗೆ ಪುಟ್ಟ 12 ವೋಲ್ಟ್ ಮೋಟರ್ ಕಟ್ಟುತ್ತಾನೆ. ಡ್ರೈವರ್ ಬಾಗಿಲಿನ ಮೋಟರಿಗೆ ಐದು ವೈರು, ಉಳಿದವಕ್ಕೆ ಸಾಮಾನ್ಯವಾಗಿ ಎರಡೇ: ಮೊದಲಿನದು ಹೇಳುವ ಯಜಮಾನ, ಮಿಕ್ಕವು ಕೇಳುವವು. ಕೀಲಿನ ಬಳಿ ವೈರನ್ನು ರಬ್ಬರ್ ಕೊಳವೆಯೊಳಗೆ ತೂರಿಸದಿದ್ದರೆ, ಬಾಗಿಲು ತೆರೆದು ಮುಚ್ಚಿ ಅದು ಒಂದು ದಿನ ತುಂಡಾಗುತ್ತದೆ. ಕಸುಬುದಾರಿಕೆ ಕಾಣುವುದು ಇಲ್ಲಿಯೇ.

ಮೊದಮೊದಲ ರಿಮೋಟ್‌ಗಳು ಪ್ರತಿ ಸಲ ಒಂದೇ ಸಂಕೇತ ಕಳಿಸುತ್ತಿದ್ದವು. ಅದನ್ನು ಹಿಡಿದಿಟ್ಟುಕೊಂಡ ಕಳ್ಳನಿಗೂ ಬಾಗಿಲು ತೆರೆಯುತ್ತಿತ್ತು. ಆಮೇಲೆ ಬಂದದ್ದು ಒತ್ತಿದಾಗಲೆಲ್ಲ ಸಂಕೇತ ಬದಲಿಸುವ ರೋಲಿಂಗ್ ಕೋಡ್.

ಕಿಟ್ ಹಾಕಿಸುವವರು ರೋಲಿಂಗ್ ಕೋಡ್ ಇದೆಯೇ ಎಂದು ಕೇಳಿ ಕೊಳ್ಳಿ. ಹಳೇ ಕೀಲಿಯನ್ನೂ ಜೇಬಿನಲ್ಲಿಟ್ಟುಕೊಳ್ಳಿ. ಕಾರಿನ ಬ್ಯಾಟರಿ ಇಳಿದ ದಿನ ಅದೇ ಗತಿ.