ಸಿಮ್ಸ್ ಆಟದಲ್ಲಿ ಕೆಟ್ಟ ಕಸ್ಟಮ್ ಕಂಟೆಂಟ್ ಕಾಟವೇ? ಸೇವ್ ಕಳೆದುಕೊಳ್ಳದೆ ತೆಗೆಯುವುದು ಹೇಗೆ, ಇಲ್ಲಿದೆ ಮಾಹಿತಿ

ನವದೆಹಲಿ: 'ದಿ ಸಿಮ್ಸ್ 4' ಆಡುವವರ ಕಂಪ್ಯೂಟರ್‌ನಲ್ಲಿ ದಿನದಿನಕ್ಕೂ ಊದಿಕೊಳ್ಳುವ ಫೋಲ್ಡರ್ ಒಂದಿರುತ್ತದೆ. ಅದರ ಹೆಸರು 'ಮಾಡ್ಸ್'. ಸೀರೆ, ಲೆಹೆಂಗಾ, ಹೂ ಮುಡಿದ ಜಡೆ, ದೇವರ ಮನೆ, ಸ್ಟೀಲ್ ಪಾತ್ರೆ ಹೀಗೆ ಆಟದಲ್ಲಿ ಇಲ್ಲದ್ದೆಲ್ಲವೂ ಅಲ್ಲಿಗೆ ಬಂದು ಸೇರುತ್ತದೆ. ಒಂದು ದಿನ ಆಟ ತೆರೆದರೆ ಮನೆಯೊಡತಿಯ ಮೈತುಂಬಾ ಕೆಂಪು-ಬಿಳಿ ಪ್ರಶ್ನಾರ್ಥಕ ಚಿಹ್ನೆ, ಅಡುಗೆಮನೆಯಲ್ಲಿ ಫ್ರಿಜ್ಜೇ ಇಲ್ಲ, ಅಥವಾ ಲೋಡಿಂಗ್ ಪರದೆ ಅರ್ಧಕ್ಕೇ ನಿಂತಿರುತ್ತದೆ!

ಹೀಗಾದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಇಡೀ ಆಟವನ್ನು ಅನ್‌ಇನ್‌ಸ್ಟಾಲ್ ಮಾಡುವುದು. ಅದರಿಂದ ಪ್ರಯೋಜನ ತೀರಾ ಕಡಿಮೆ. ಆಟದ ಮೂಲ ಕಡತಗಳು ಒಂದು ಕಡೆ ಇದ್ದರೆ, ಮಾಡ್ಸ್ ಫೋಲ್ಡರ್ ಮತ್ತು ನಿಮ್ಮ ಸೇವ್‌ಗಳು ಡಾಕ್ಯುಮೆಂಟ್ಸ್‌ನಲ್ಲಿರುವ 'ಎಲೆಕ್ಟ್ರಾನಿಕ್ ಆರ್ಟ್ಸ್' ಫೋಲ್ಡರ್‌ನಲ್ಲಿ ಬೇರೆಯಾಗಿ ಇರುತ್ತವೆ. ಮತ್ತೆ ಇನ್‌ಸ್ಟಾಲ್ ಮಾಡಿದರೂ ಕೆಟ್ಟ ಕಡತ ಕೂತಲ್ಲೇ ಕೂತಿರುತ್ತದೆ. ಹತ್ತಾರು ಜಿಬಿ ಡೇಟಾ ಖರ್ಚಾಗಿದ್ದಷ್ಟೇ ಬಂತು.

ಕಸ್ಟಮ್ ಕಂಟೆಂಟ್ ಎಂದರೇನು?

ಆಟಗಾರರೇ ತಯಾರಿಸಿ ಹಂಚುವ ಬಟ್ಟೆ, ಕೂದಲು, ಪೀಠೋಪಕರಣಗಳನ್ನು ಕಸ್ಟಮ್ ಕಂಟೆಂಟ್ ಅಥವಾ ಸಿಸಿ ಎನ್ನುತ್ತಾರೆ. ಇವು 'ಡಾಟ್ ಪ್ಯಾಕೇಜ್' ಎಂಬ ವಿಸ್ತರಣೆಯ ಕಡತಗಳು. ಆಟದ ನಡವಳಿಕೆಯನ್ನೇ ಬದಲಿಸುವ ಸ್ಕ್ರಿಪ್ಟ್ ಮಾಡ್‌ಗಳು ಬೇರೆ. ಅವು 'ಡಾಟ್ ಟಿಎಸ್4ಸ್ಕ್ರಿಪ್ಟ್' ಎಂದು ಕೊನೆಗೊಳ್ಳುತ್ತವೆ, ಒಳಗೆ ಪೈಥಾನ್ ಭಾಷೆಯ ಕೋಡ್ ಇರುತ್ತದೆ. ಈ ವ್ಯತ್ಯಾಸ ನೆನಪಿಡಿ. ಕೆಟ್ಟ ಸೀರೆಯಿಂದ ಸಿಮ್‌ನ ರೂಪ ಕೆಡಬಹುದು. ಕೆಟ್ಟ ಸ್ಕ್ರಿಪ್ಟ್‌ನಿಂದ ನಿಮ್ಮ ಕಂಪ್ಯೂಟರ್‌ಗೇ ಕುತ್ತು.

ಭಾರತದ ಆಟಗಾರರು ಸಿಸಿಯನ್ನು ಇಷ್ಟೊಂದು ನೆಚ್ಚಿಕೊಳ್ಳಲು ಕಾರಣವೂ ಇದೆ. ಮೊದಲ ಸಿಮ್ಸ್ ಬಂದಿದ್ದು 2000ರಲ್ಲಿ, ಸಿಮ್ಸ್ 4 ಬಂದಿದ್ದು 2014ರಲ್ಲಿ. ಮುಂಬೈ ಫ್ಯಾಷನ್‌ನಿಂದ ಪ್ರೇರಿತವಾದ 'ಫ್ಯಾಷನ್ ಸ್ಟ್ರೀಟ್' ಎಂಬ ಪುಟ್ಟ ಕಿಟ್ ಬರಲು 2021ರವರೆಗೆ ಕಾಯಬೇಕಾಯಿತು. ನಮ್ಮ ಮನೆಯಂತೆ ಕಾಣುವ ಮನೆ ಬೇಕೆಂದರೆ ಡೌನ್‌ಲೋಡ್ ಮಾಡದೆ ಬೇರೆ ದಾರಿ ಇರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಮೂಲ ಆಟ ಉಚಿತವಾಯಿತು. ಖರೀದಿಯ ಖರ್ಚಿಲ್ಲದೆ ಆಟಕ್ಕೆ ಇಳಿಯುವ ಹೊಸಬರಿಗೆ ಸಿಸಿಯ ರುಚಿ ಹತ್ತಲು ಹೆಚ್ಚು ದಿನ ಬೇಕಿಲ್ಲ.

ಕೆಡುವುದು ಹೇಗೆ?

ಎಲ್ಲಕ್ಕಿಂತ ಸಾಮಾನ್ಯ ಕಾರಣ ಅಪ್‌ಡೇಟ್. ಕಂಪನಿ ಆಟದ ಒಳಗಿನ ಲೆಕ್ಕಾಚಾರ ಬದಲಿಸಿದಾಗ ಹಳೆಯ ಸಿಸಿ ಹೊಂದದೇ ಹೋಗುತ್ತದೆ. 2021ರ ಮಾರ್ಚ್‌ನಲ್ಲಿ ಬಂಕ್ ಬೆಡ್ ಬಂದಾಗ ಆಟಗಾರರು ಮಾಡಿದ್ದ ಹಳೆಯ ಮಂಚಗಳು ಕೈಕೊಟ್ಟಿದ್ದವು. 2023ರ ಮಾರ್ಚ್‌ನಲ್ಲಿ ಹಸುಗೂಸುಗಳ ಅಪ್‌ಡೇಟ್ ಬಂದಾಗಲೂ ಅನೇಕ ಮಾಡ್‌ಗಳು ಮುರಿದವು. ಇದು ಗೊತ್ತಿದ್ದೇ ಪ್ರತಿ ದೊಡ್ಡ ಪ್ಯಾಚ್ ಬಳಿಕ ಆಟ ತಾನಾಗಿಯೇ ಮಾಡ್‌ಗಳನ್ನು ಆಫ್ ಮಾಡುತ್ತದೆ. ಆ ಎಚ್ಚರಿಕೆಯನ್ನು ಓದದೆ ತಕ್ಷಣ ಆನ್ ಮಾಡುವವರೇ ಹೆಚ್ಚು.

ಎರಡನೆಯದು ಅರ್ಧಂಬರ್ಧ ಡೌನ್‌ಲೋಡ್. ದೆಹಲಿ, ನೋಯ್ಡಾ, ಗುರುಗ್ರಾಮದ ಅಪಾರ್ಟ್‌ಮೆಂಟ್‌ಗಳಲ್ಲಿ ಬೇಸಿಗೆ ಕಳೆದವರಿಗೆ ಇದು ಹೊಸದಲ್ಲ. ಕರೆಂಟ್ ಹೋಗಿ ಸೊಸೈಟಿಯ ಜನರೇಟರ್ ಶುರುವಾಗುವ ಆ ಕೆಲವೇ ಸೆಕೆಂಡ್‌ಗಳಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರ್ ಬಂದ್ ಆಗುತ್ತದೆ. ಆಗ ಇಳಿಯುತ್ತಿದ್ದ ಕಡತ ತುಂಡಾಗಬಹುದು. ಅದೇ ಹೊತ್ತಿಗೆ ಆಟ ಸೇವ್ ಆಗುತ್ತಿದ್ದರೆ ಸೇವ್ ಕೂಡ ಕೆಡಬಹುದು.

ಮೂರನೆಯದು ಪೈರೇಟೆಡ್ ಆಟ. ದೆಹಲಿಯ ನೆಹರೂ ಪ್ಲೇಸ್ ಮತ್ತು ಪಾಲಿಕಾ ಬಜಾರ್ ಎರಡೂ ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಯ 'ಕುಖ್ಯಾತ ಮಾರುಕಟ್ಟೆ' ಪಟ್ಟಿಯಲ್ಲಿ ಕಾಣಿಸಿಕೊಂಡಿದ್ದವು. ಈಗ ಸಿಡಿಯ ಜಾಗಕ್ಕೆ ಪೆನ್‌ಡ್ರೈವ್ ಮತ್ತು ಟೊರೆಂಟ್ ಬಂದಿವೆ. ಕಾನೂನಿನ ಮಾತು ಹಾಗಿರಲಿ, ಕದ್ದ ಪ್ರತಿ ಸಾಮಾನ್ಯವಾಗಿ ಹಳೆಯ ಆವೃತ್ತಿಯಲ್ಲೇ ನಿಂತಿರುತ್ತದೆ. ಅದಕ್ಕೆ ಹೊಸ ಮಾಡ್ ಹಾಕಿದರೆ ಹೊಂದಿಕೆಯಾಗುವುದಿಲ್ಲ. ಮೂಲ ಆಟವೇ ಉಚಿತವಾಗಿರುವಾಗ ಆ ಗೋಜಿಗೆ ಹೋಗುವುದರಲ್ಲಿ ಅರ್ಥವೂ ಇಲ್ಲ.

ಹಳೆಯ ಆಟಗಳಲ್ಲಿ ಗತಿ ಇನ್ನೂ ಕೆಟ್ಟದಾಗಿತ್ತು. ಸಿಮ್ಸ್ 3ರಲ್ಲಿ ಯಾರೋ ಹಂಚಿದ ಮನೆಯನ್ನು ಇಳಿಸಿಕೊಂಡರೆ ಅದರೊಳಗಿನ ಸಿಸಿಯೂ ಹೇಳದೆ ಕೇಳದೆ ಬರುತ್ತಿತ್ತು. ಆರಂಭದ ದಿನಗಳಲ್ಲಿ ಒಂದು ಕೆಟ್ಟ ಗೊಂಬೆ ಹೀಗೆಯೇ ಮನೆಯಿಂದ ಮನೆಗೆ, ಒಬ್ಬ ಆಟಗಾರನಿಂದ ಮತ್ತೊಬ್ಬನಿಗೆ ಅಂಟುರೋಗದಂತೆ ಹರಡಿತ್ತು. ಸಿಮ್ಸ್ 4ರ ಗ್ಯಾಲರಿಯಿಂದ ಮನೆ ಇಳಿಸಿದರೆ ಸಿಸಿ ಜೊತೆಗೆ ಬರುವುದಿಲ್ಲ, ಆ ವಸ್ತು ಕಾಣೆಯಾಗಿರುತ್ತದೆ ಅಷ್ಟೇ. ಈಗಲೂ ಸಿಮ್ಸ್ 3 ಆಡುವವರು 'ಡ್ಯಾಶ್‌ಬೋರ್ಡ್' ಎಂಬ ಉಚಿತ ಟೂಲ್, ಸಿಮ್ಸ್ 2 ಆಡುವವರು 'ಕ್ಲೀನ್ ಇನ್‌ಸ್ಟಾಲರ್' ಬಳಸಿ ಕಡತಗಳನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ತೆಗೆಯುವುದು ಹೇಗೆ?

ಮೊದಲು ಆಟ ಮುಚ್ಚಿ. 'ದಿ ಸಿಮ್ಸ್ 4' ಫೋಲ್ಡರ್‌ನಲ್ಲಿರುವ 'ಸೇವ್ಸ್' ಮತ್ತು 'ಟ್ರೇ' ಎರಡನ್ನೂ ಬೇರೆ ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಈ ಹಂತವನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಕಾರಣ ಸರಳ: ಸಿಸಿ ತೆಗೆದ ಬಳಿಕ ಹಳೆಯ ಸೇವ್ ತೆರೆದು ಅದರ ಮೇಲೆಯೇ ಸೇವ್ ಮಾಡಿದರೆ, ಆ ಸೀರೆ, ಆ ಕೂದಲು, ಆ ಸೋಫಾ ಎಲ್ಲವೂ ಆ ಸೇವ್‌ನಿಂದ ಶಾಶ್ವತವಾಗಿ ಹೋಗುತ್ತವೆ. ನಂತರ ಸಿಸಿ ವಾಪಸ್ ಹಾಕಿದರೂ ಸಿಮ್‌ಗಳಿಗೆ ಮತ್ತೆ ನೀವೇ ಉಡಿಸಬೇಕು. ಏಳೆಂಟು ತಲೆಮಾರು ಬೆಳೆಸಿದ ಕುಟುಂಬ ಹಾಳಾಗುವುದು ಕೆಟ್ಟ ಕಡತಕ್ಕಿಂತ ಹೆಚ್ಚಾಗಿ ಈ ಆತುರದಿಂದಲೇ.

ಬಳಿಕ ಮಾಡ್ಸ್ ಫೋಲ್ಡರನ್ನು ಎಳೆದು ಡೆಸ್ಕ್‌ಟಾಪ್‌ಗೆ ಹಾಕಿ. 'ಲೋಕಲ್‌ಥಂಬ್‌ಕ್ಯಾಶ್' ಎಂಬ ಪ್ಯಾಕೇಜ್ ಕಡತವನ್ನು ಅಳಿಸಿ. ಭಯ ಬೇಡ, ಆಟ ಅದನ್ನು ಮತ್ತೆ ತಾನೇ ಸೃಷ್ಟಿಸಿಕೊಳ್ಳುತ್ತದೆ. ಇದನ್ನು ಅಳಿಸದಿದ್ದರೆ ತೆಗೆದ ಸಿಸಿಯ ನೆರಳು ಉಳಿದುಕೊಂಡು ನಿಮ್ಮ ಪತ್ತೇದಾರಿಕೆ ದಾರಿ ತಪ್ಪುತ್ತದೆ. ಈಗ ಆಟ ತೆರೆದು ಹೊಸ ಸೇವ್ ಶುರು ಮಾಡಿ. ತೊಂದರೆ ಹಾಗೇ ಇದ್ದರೆ ತಪ್ಪು ಸಿಸಿಯದ್ದಲ್ಲ. ಇಎ ಆ್ಯಪ್‌ನಲ್ಲಿ 'ರಿಪೇರ್' ಅಥವಾ ಸ್ಟೀಮ್‌ನಲ್ಲಿ ಕಡತಗಳ ಪರಿಶೀಲನೆ ಮಾಡಿಸಿ. ತೊಂದರೆ ಮಾಯವಾಗಿದ್ದರೆ ಕಳ್ಳ ಡೆಸ್ಕ್‌ಟಾಪ್‌ನಲ್ಲಿದ್ದಾನೆ ಎಂದರ್ಥ.

ಅವನನ್ನು ಹಿಡಿಯಲು ಆಟಗಾರರು ಬಳಸುವುದು ಅರ್ಧ-ಅರ್ಧ ವಿಧಾನ. ಕಡತಗಳಲ್ಲಿ ಅರ್ಧದಷ್ಟನ್ನು ಮಾತ್ರ ವಾಪಸ್ ಹಾಕಿ ಆಟ ತೆರೆಯಿರಿ. ತೊಂದರೆ ಕಂಡರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಕಾಣದಿದ್ದರೆ ಉಳಿದ ಅರ್ಧದಲ್ಲಿ. ಸಿಕ್ಕ ಅರ್ಧವನ್ನು ಮತ್ತೆ ಎರಡು ಭಾಗ ಮಾಡಿ. ಕೇಳಲು ಬೇಸರದ ಕೆಲಸ, ಆದರೆ ಲೆಕ್ಕ ಹಾಕಿದರೆ ಸಾವಿರ ಕಡತವಿದ್ದರೂ 10 ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಸುತ್ತಿಗೂ ಆ ಕ್ಯಾಶ್ ಕಡತವನ್ನು ಅಳಿಸಲೇಬೇಕು. ಒಂದೇ ಮಾಡ್‌ಗೆ ಸೇರಿದ ಪ್ಯಾಕೇಜ್ ಮತ್ತು ಸ್ಕ್ರಿಪ್ಟ್ ಕಡತಗಳನ್ನು ಬೇರ್ಪಡಿಸಬೇಡಿ. ಎರಡು ಮಾಡ್‌ಗಳು ಪರಸ್ಪರ ಜಗಳವಾಡುತ್ತಿದ್ದರೆ ಮಾತ್ರ ಈ ವಿಧಾನ ಗೊಂದಲ ಮಾಡುತ್ತದೆ. ಎರಡೂ ಅರ್ಧಗಳು ಬೇರೆಬೇರೆಯಾಗಿ ಸರಿ, ಒಟ್ಟಿಗೆ ಹಾಕಿದರೆ ತೊಂದರೆ ಎಂದಾದರೆ ಆ ಸಂಶಯ ಬರಬೇಕು.

ಶುರು ಮಾಡುವ ಮುನ್ನ ಒಂದು ಅಡ್ಡದಾರಿ ನೋಡಿ. ಕಡತಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ತೊಂದರೆ ಶುರುವಾಗುವ ಹಿಂದಿನ ದಿನಗಳಲ್ಲಿ ಸೇರಿಸಿದ್ದನ್ನು ಮೊದಲು ತೆಗೆಯಿರಿ. ಬಹಳಷ್ಟು ಸಲ ಇಲ್ಲಿಗೇ ಮುಗಿಯುತ್ತದೆ. ಒಂದೇ ಸಿಮ್ ಅಥವಾ ಒಂದೇ ಮನೆ ಕೆಟ್ಟಿದ್ದರೆ 'ಟ್ರೇ ಇಂಪೋರ್ಟರ್' ಎಂಬ ಉಚಿತ ಟೂಲ್ ಅದರಲ್ಲಿ ಬಳಸಿದ ಸಿಸಿಯ ಪಟ್ಟಿಯನ್ನೇ ಕೊಡುತ್ತದೆ. ಪ್ಯಾಚ್‌ನಿಂದ ಮುರಿದ ಕೆಲವು ಬಗೆಯ ವಸ್ತುಗಳನ್ನು 'ಸಿಮ್ಸ್ 4 ಸ್ಟುಡಿಯೋ' ಒಂದೇ ಏಟಿಗೆ ಸರಿಪಡಿಸಬಲ್ಲದು.

ಸೇವ್ ತೆರೆಯುತ್ತಲೇ ಇಲ್ಲವೇ? ಆಟ ಪ್ರತಿ ಸೇವ್‌ಗೆ ಹಳೆಯ ಐದು ಪ್ರತಿಗಳವರೆಗೆ ಇಟ್ಟುಕೊಂಡಿರುತ್ತದೆ. ಲೋಡ್ ಮೆನುವಿನಲ್ಲಿ ಆ ಸೇವ್ ಆಯ್ದು 'ರಿಕವರ್ ಸೇವ್' ಒತ್ತಿದರೆ ಹಿಂದಿನದ್ದಕ್ಕೆ ಮರಳಬಹುದು.

ಮುಂದೆ ಬರದಂತೆ ಏನು ಮಾಡಬೇಕು?

ಜಿಪ್ ಅಥವಾ ರಾರ್ ಕಡತಗಳನ್ನು ಬಿಚ್ಚಿಯೇ ಹಾಕಿ, ಆದರೆ ಸ್ಕ್ರಿಪ್ಟ್ ಕಡತವನ್ನು ಬಿಚ್ಚಬಾರದು. ಪ್ಯಾಕೇಜ್ ಕಡತಗಳು ಒಳಗೊಳಗೆ ಐದು ಫೋಲ್ಡರ್‌ವರೆಗೆ ಇದ್ದರೂ ನಡೆಯುತ್ತದೆ, ಸ್ಕ್ರಿಪ್ಟ್ ಮಾತ್ರ ಒಂದು ಫೋಲ್ಡರ್‌ಗಿಂತ ಆಳಕ್ಕೆ ಹೋದರೆ ಕೆಲಸ ಮಾಡುವುದಿಲ್ಲ. ತಯಾರಕರ ಹೆಸರಿನಲ್ಲಿ ಫೋಲ್ಡರ್ ಮಾಡಿಟ್ಟರೆ ನಾಳೆ ಹುಡುಕುವುದು ಸುಲಭ. ಲೋಡಿಂಗ್ ಬೇಗ ಆಗಲೆಂದು ನೂರಾರು ಕಡತಗಳನ್ನು ಒಂದಾಗಿ ಬೆಸೆಯುವ ಅಭ್ಯಾಸ ಹಲವರಿಗಿದೆ. ಅದರೊಳಗೊಂದು ಕೆಟ್ಟರೆ ಯಾವುದೆಂದು ಪತ್ತೆ ಮಾಡುವುದು ನರಕ! ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ ಸಿಂಕ್ ಆಗುತ್ತಿದೆಯೇ ಎಂದೂ ನೋಡಿಕೊಳ್ಳಿ. ಸೇವ್‌ಗಳು ಕಾಣೆಯಾಗಲು ಅದೂ ಒಂದು ಕಾರಣ.

ಪಾಸ್‌ವರ್ಡ್ ಕದಿಯುವ ಮಾಡ್‌ಗಳು

2024ರ ಮಾರ್ಚ್‌ನಲ್ಲಿ ಸಿಮ್ಸ್ ಆಟಗಾರರ ಲೋಕ ಬೆಚ್ಚಿಬಿದ್ದಿತ್ತು. ಜನಪ್ರಿಯ ಮಾಡ್ ತಾಣಗಳಲ್ಲಿ ಪರಿಚಿತ ತಯಾರಕರ ಹೆಸರಿನಲ್ಲೇ ಬಂದಿದ್ದ ಕೆಲವು ಸ್ಕ್ರಿಪ್ಟ್ ಮಾಡ್‌ಗಳ ಒಳಗೆ ಮಾಲ್‌ವೇರ್ ಅಡಗಿತ್ತು. ಅದರ ಗುರಿ ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಮತ್ತು ಡಿಸ್ಕಾರ್ಡ್, ಸ್ಟೀಮ್, ಟೆಲಿಗ್ರಾಂ ಖಾತೆಗಳು. ಇಂಥ ಸ್ಕ್ರಿಪ್ಟ್‌ಗಳನ್ನು ತಡೆಯಲು ಟ್ವಿಸ್ಟೆಡ್‌ಮೆಕ್ಸಿ ಎಂಬ ಹೆಸರಿನ ಮಾಡ್ ತಯಾರಕರು 'ಮಾಡ್‌ಗಾರ್ಡ್' ಎಂಬ ಉಚಿತ ರಕ್ಷಣೆಯನ್ನು ಬಿಡುಗಡೆ ಮಾಡಿದರು.

ವಿಂಡೋಸ್‌ನಲ್ಲಿ ಕಡತದ ವಿಸ್ತರಣೆ ಕಾಣುವಂತೆ ಸೆಟ್ಟಿಂಗ್ ಬದಲಿಸಿಕೊಳ್ಳಿ. ಸೀರೆ ಅಥವಾ ಸೋಫಾ ಎಂದು ಇಳಿಸಿದ್ದು 'ಡಾಟ್ ಇಎಕ್ಸ್‌ಇ' ಎಂದು ಕೊನೆಗೊಂಡರೆ ತೆರೆಯದೆ ಅಳಿಸಿ. ಬರೀ ಬಟ್ಟೆಯ ಜೊತೆ ಸ್ಕ್ರಿಪ್ಟ್ ಕಡತ ಬಂದರೂ ಅನುಮಾನಪಡಿ. ಮನೆಯಲ್ಲಿ ಮಕ್ಕಳು ಆಡುವ ಲ್ಯಾಪ್‌ಟಾಪ್‌ನಲ್ಲೇ ಅಪ್ಪ-ಅಮ್ಮನ ನೆಟ್ ಬ್ಯಾಂಕಿಂಗ್ ಕೂಡ ನಡೆಯುತ್ತಿದ್ದರೆ ಈ ಮಾತು ಇನ್ನೂ ಮುಖ್ಯ.

ಈಗಾಗಲೇ ಅಂಥ ಮಾಡ್ ಹಾಕಿಬಿಟ್ಟಿದ್ದರೆ ಕಂಪ್ಯೂಟರ್‌ನ ಇಂಟರ್ನೆಟ್ ಕಡಿತಗೊಳಿಸಿ, ಆ್ಯಂಟಿವೈರಸ್‌ನಿಂದ ಪೂರ್ಣ ಸ್ಕ್ಯಾನ್ ಮಾಡಿಸಿ. ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರ್‌ನಿಂದ ಬದಲಿಸಬೇಡಿ, ಬೇರೆ ಸಾಧನದಿಂದ ಬದಲಿಸಿ, ಎಲ್ಲ ಖಾತೆಗಳಿಂದಲೂ ಲಾಗ್‌ಔಟ್ ಆಗಿ. ದೆಹಲಿ ಮೂಲದ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್ 2017ರಲ್ಲಿ ಆರಂಭಿಸಿದ 'ಸೈಬರ್ ಸ್ವಚ್ಛತಾ ಕೇಂದ್ರ'ದ ತಾಣದಲ್ಲಿ ಮಾಲ್‌ವೇರ್ ತೆಗೆಯುವ ಟೂಲ್‌ಗಳು ಉಚಿತವಾಗಿ ಸಿಗುತ್ತವೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಈ ಸಹಾಯವಾಣಿ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಒಂದೇ.