ವಿಜ್ಞಾನ ತಿರುಗಾಟಕ್ಕೆ ಹೊರಟ ಕಾಲ



ನಾಟಕವೇ ಊರಿಗೆ ಬರುವುದು ಕಾಸರಗೋಡಿನವರಾದ ನಮಗೆ ಹೊಸ ಸಂಗತಿಯಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಯಕ್ಷಗಾನ ಮೇಳಗಳು ಮಳೆಗಾಲ ಕಳೆದ ಮೇಲೆ ಮತ್ತೆ ತಿರುಗಾಟಕ್ಕೆ ಹೊರಡುತ್ತವೆ. ಓದು ಬರಹ ಬಾರದ ಅಜ್ಜ ಅಜ್ಜಿಯರಿಗೂ ಪುರಾಣದ ಕಥೆಗಳು ಬಾಯಿಪಾಠವಾದದ್ದು ಹೀಗೆಯೇ. ಇದೇ ದಾರಿಯಲ್ಲಿ ಕಾಡು, ನೀರು, ಕರೆಂಟು, ಅಡುಗೆ ಒಲೆಯ ವಿಷಯಗಳನ್ನು ಹೊತ್ತು ಕೇರಳವಿಡೀ ಸುತ್ತಿದ ತಂಡಗಳೂ ಇದ್ದವು. ಅವುಗಳ ಇತಿಹಾಸದಲ್ಲಿ ನಾವು ಕಲಿಯಬೇಕಾದದ್ದು ಬಹಳ ಇದೆ.

ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1962ರಲ್ಲಿ, ಕೋಝಿಕ್ಕೋಡಿನಲ್ಲಿ. ಮಲಯಾಳದಲ್ಲಿ ವಿಜ್ಞಾನ ಬರೆಯುವ ಲೇಖಕರ ಒಂದು ಚಿಕ್ಕ ಕೂಟವದು. ಆರಂಭದಲ್ಲಿ ಪುಸ್ತಕ, ಪತ್ರಿಕೆ, ಭಾಷಣಗಳೇ ಅವರ ಕೆಲಸ. ಆದರೆ ಪುಸ್ತಕ ತಲುಪುವುದು ಓದುವವರಿಗೆ ಮಾತ್ರ. ವಿಜ್ಞಾನದ ತೀರ್ಮಾನಗಳ ಫಲ ಉಣ್ಣುವವರು, ನಷ್ಟ ಅನುಭವಿಸುವವರು ಎಲ್ಲರೂ ಓದುಗರಲ್ಲವಲ್ಲ! ಈ ಕೊರತೆಯನ್ನು ದೊಡ್ಡದಾಗಿ ಎದುರಿಗೆ ತಂದದ್ದು ಸೈಲೆಂಟ್ ವ್ಯಾಲಿ.

ಪಾಲಕ್ಕಾಡು ಜಿಲ್ಲೆಯ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಿ 120 ಮೆಗಾವ್ಯಾಟ್ ವಿದ್ಯುತ್ ತಯಾರಿಸುವ ಯೋಜನೆಗೆ 1973ರಲ್ಲಿ ಯೋಜನಾ ಆಯೋಗದ ಒಪ್ಪಿಗೆ ಸಿಕ್ಕಿತು. ಮುಳುಗಲಿದ್ದದ್ದು ಸಿಂಗಳೀಕಗಳು ಬದುಕುವ ನಿತ್ಯಹರಿದ್ವರ್ಣ ಕಾಡು. ಯೋಜನೆಯ ಪರವಾದ ಮುಖ್ಯ ವಾದ ನಮಗೂ ಸಂಬಂಧಪಟ್ಟದ್ದೇ: ಹಿಂದುಳಿದ ಮಲಬಾರಿಗೆ ಕರೆಂಟು ಬೇಕು. ಆಗ ಕಣ್ಣೂರು ಜಿಲ್ಲೆಯ ಭಾಗವಾಗಿದ್ದ ನಮ್ಮ ಊರುಗಳಲ್ಲಿಯೂ ಚಿಮಣಿ ದೀಪದ ಬೆಳಕಿನಲ್ಲಿ ಓದುವ ಮಕ್ಕಳು ಬೇಕಾದಷ್ಟು ಇದ್ದರು. ಹಾಗಾಗಿ 'ಮಂಗನಿಗಾಗಿ ಮನುಷ್ಯ ಕತ್ತಲಲ್ಲಿ ಕೂರಬೇಕೇ?' ಎಂಬ ಪ್ರಶ್ನೆಗೆ ಬರೀ ಕಾಡಿನ ಸೌಂದರ್ಯ ವರ್ಣಿಸಿ ಉತ್ತರ ಕೊಟ್ಟರೆ ಸಾಲುತ್ತಿರಲಿಲ್ಲ.

ಪರಿಷತ್ತು ಲೆಕ್ಕ ಹಾಕಲು ಕುಳಿತಿತು. ಸಸ್ಯಶಾಸ್ತ್ರಜ್ಞ ಎಂ.ಕೆ. ಪ್ರಸಾದ್, ಎಂಜಿನಿಯರುಗಳಾದ ಎಂ.ಪಿ. ಪರಮೇಶ್ವರನ್ ಮತ್ತು ವಿ.ಕೆ. ದಾಮೋದರನ್, ಅರ್ಥಶಾಸ್ತ್ರಜ್ಞ ಕೆ.ಪಿ. ಕಣ್ಣನ್, ಕೃಷಿ ವಿಜ್ಞಾನಿ ಕೆ.ಎನ್. ಶ್ಯಾಮಸುಂದರನ್ ನಾಯರ್ ಸೇರಿ 1979ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಮಲಬಾರಿನ ಕರೆಂಟಿನ ತೊಂದರೆಗೆ ಉತ್ಪಾದನೆಯ ಕೊರತೆಗಿಂತ ಸಾಗಣೆ ಮತ್ತು ವಿತರಣೆಯ ದೋಷವೇ ದೊಡ್ಡ ಕಾರಣ, ಬೇರೆ ದಾರಿಗಳೂ ಇವೆ ಎಂದು ಅವರು ವಾದಿಸಿದರು. ಇದು ಕಷ್ಟದ ವಾದ. ದೊಡ್ಡ ರಾಜಕೀಯ ಪಕ್ಷಗಳೆಲ್ಲ ಅಣೆಕಟ್ಟಿನ ಪರವಾಗಿದ್ದವು. ಪರಿಷತ್ತಿನ ಒಳಗೂ ಭಿನ್ನಾಭಿಪ್ರಾಯವಿತ್ತು. ಹಾಗಿದ್ದರೂ ಸಭೆ, ಚರ್ಚೆ, ಕವಿಗೋಷ್ಠಿಗಳ ಮೂಲಕ ವಿಷಯ ಜನರ ನಡುವೆ ಹರಡಿತು. ಕವಯಿತ್ರಿ ಸುಗತಕುಮಾರಿಯಂಥವರು ಮುಂದೆ ನಿಂತರು. ಕೊನೆಗೆ 1983ರಲ್ಲಿ ಯೋಜನೆ ಕೈಬಿಟ್ಟಿತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ಈ ವಿವಾದ ಬಿಸಿಯಾಗಿದ್ದ 1980ರಲ್ಲಿಯೇ ಪರಿಷತ್ತು ಮೊದಲ ಶಾಸ್ತ್ರ ಕಲಾಜಾಥಾವನ್ನು ಹೊರಡಿಸಿತು. ಕಲಾವಿದರಲ್ಲಿ ಹೆಚ್ಚಿನವರು ವೃತ್ತಿ ನಟರಲ್ಲ, ಶಾಲಾ ಮೇಷ್ಟ್ರುಗಳು, ನೌಕರರು, ವಿದ್ಯಾರ್ಥಿಗಳು. ಶಿಬಿರದಲ್ಲಿ ಹಾಡು, ನಾಟಕ ಕಲಿತು ವಾಹನ ಹತ್ತುತ್ತಿದ್ದರು. ಪರದೆ ಇಲ್ಲ, ರಂಗಸಜ್ಜಿಕೆ ಇಲ್ಲ. ಬಸ್ ನಿಲ್ದಾಣ, ಶಾಲೆಯ ಮೈದಾನ, ಪೇಟೆಯ ಮೂಲೆ, ಎಲ್ಲಿ ಜನ ಸೇರುತ್ತಾರೋ ಅದೇ ರಂಗಸ್ಥಳ. ದಿನಕ್ಕೆ ಹಲವು ಕಡೆ ಪ್ರದರ್ಶನ. ತುಳ್ಳಲ್, ವಿಲ್ಲುಪಾಟ್ಟ್‌ನಂಥ ಊರ ಕಲೆಗಳನ್ನೇ ಅವರು ಬಳಸಿಕೊಂಡರು. ದಾಟಿ ಪರಿಚಿತವಾಗಿದ್ದರೆ ವಿಷಯ ಹೊಸದಾದರೂ ಜನ ಎದ್ದು ಹೋಗುವುದಿಲ್ಲ.

ಖರ್ಚು ಹೇಗೆ? ಜಾಥಾ ಬರುವ ಊರಿನವರು ಪರಿಷತ್ತಿನ ಪುಸ್ತಕಗಳನ್ನು ಕೊಂಡು ಮಾರುತ್ತಿದ್ದರು. ಇದರಿಂದ ತಂಡ ಯಾರ ಹಂಗಿಗೂ ಬೀಳಲಿಲ್ಲ. ನಾಟಕ ಮುಗಿದು ತಂಡ ಹೋದ ಮೇಲೂ ಊರಿನಲ್ಲಿ ಓದಲು ಪುಸ್ತಕ ಉಳಿಯುತ್ತಿತ್ತು.

ಉಳಿದದ್ದು ಪುಸ್ತಕ ಮಾತ್ರವಲ್ಲ. ಅಣೆಕಟ್ಟು ಬೇಡ ಎಂದವರಿಗೆ ಶಕ್ತಿ ಉಳಿಸುವ ದಾರಿ ತೋರಿಸುವ ಹೊಣೆಯೂ ಇರುತ್ತದೆ. 1980ರ ದಶಕದಲ್ಲಿ ಪರಿಷತ್ತು ಸುಧಾರಿತ ಸೌದೆ ಒಲೆಯನ್ನು ಮನೆಮನೆಗೆ ತಲುಪಿಸಿತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೇ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ, ಉಳಿದದ್ದು ಗಾಳಿಗೆ. ಹೊಸ ಒಲೆಯಲ್ಲಿ ಬೆಂಕಿ ಮುಚ್ಚಿದ ಗೂಡಿನಲ್ಲಿ ಉರಿಯುತ್ತದೆ, ಮಿಕ್ಕ ಶಾಖ ಎರಡನೇ ಪಾತ್ರೆಗೆ ಹೋಗುತ್ತದೆ, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಸೌದೆ ಉಳಿಯಿತು, ಅಮ್ಮಂದಿರ ಕಣ್ಣು, ಎದೆಯೂ ಉಳಿಯಿತು. ಅವರ 'ಚೂಡಾರಾಪ್ಪೆಟ್ಟಿ'ಯನ್ನು ನೀವೂ ನೋಡಿರಬಹುದು. ಕುದಿ ಬಂದ ಅನ್ನದ ಪಾತ್ರೆಯನ್ನು ಶಾಖ ಹೊರಹೋಗದ ಪೆಟ್ಟಿಗೆಯಲ್ಲಿಟ್ಟರೆ ಉಳಿದದ್ದು ತನ್ನಷ್ಟಕ್ಕೇ ಬೇಯುತ್ತದೆ. ಬೇಯಲು ಹೊತ್ತು ಹಿಡಿಯುವ ನಮ್ಮ ಕುಚ್ಚಲಕ್ಕಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಈ ಮಾದರಿ ಕೇರಳದಲ್ಲೇ ನಿಲ್ಲಲಿಲ್ಲ. 1987ರ ಅಕ್ಟೋಬರ್ 2ರಂದು ಭಾರತದ ಐದು ಕಡೆಗಳಿಂದ ಭಾರತ ಜನ ವಿಜ್ಞಾನ ಜಾಥಾ ಹೊರಟು ನವೆಂಬರ್ 7ರಂದು ಭೋಪಾಲದಲ್ಲಿ ಸೇರಿತು. ಭೋಪಾಲವನ್ನು ಆರಿಸಿದ್ದಕ್ಕೆ ಅರ್ಥವಿದೆ. 1984ರ ಡಿಸೆಂಬರಿನಲ್ಲಿ ವಿಷಾನಿಲಕ್ಕೆ ಬಲಿಯಾದವರಲ್ಲಿ ಹೆಚ್ಚಿನವರಿಗೆ ತಮ್ಮ ಪಕ್ಕದ ಕಾರ್ಖಾನೆಯಲ್ಲಿ ಏನಿದೆ ಎಂದು ಸರಿಯಾಗಿ ತಿಳಿದಿರಲಿಲ್ಲ. ಮುಂದೆ 1996ರಲ್ಲಿ ಪರಿಷತ್ತಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಸ್ನೇಹಿತರೇ, ಆ ಪ್ರಶ್ನೆ ಇಂದೂ ಮುಗಿದಿಲ್ಲ. ಉಡುಪಿ–ಕಾಸರಗೋಡು 400 ಕೆವಿ ವಿದ್ಯುತ್ ಮಾರ್ಗದ ಕೆಳಗೆ ತಮ್ಮ ಅಡಿಕೆ, ತೆಂಗಿನ ತೋಟ ಹೋಗುತ್ತದೆ ಎಂದು ಕೃಷಿಕರು ಪ್ರತಿಭಟಿಸಿದ್ದನ್ನು ನಾವು ಕಂಡಿದ್ದೇವೆ. ಕರೆಂಟು ಬೇಕು ಎನ್ನುವವರೂ ನಮ್ಮವರೇ, ತೋಟ ಕಳೆದುಕೊಳ್ಳುವವರೂ ನಮ್ಮವರೇ. ಇಂಥಲ್ಲಿ ವಾಟ್ಸಾಪಿನ ಜಗಳಕ್ಕಿಂತ, ಎರಡೂ ಕಡೆಯವರನ್ನು ಒಂದೇ ಅಂಗಳದಲ್ಲಿ ಕೂರಿಸಿ ತೋರಿಸುವ ಹತ್ತು ನಿಮಿಷದ ನಾಟಕ ಹೆಚ್ಚು ಕೆಲಸ ಮಾಡೀತು.

ನಮಗೆ ಸಾಧನಗಳ ಕೊರತೆಯಿಲ್ಲ. ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಕಿರುನಾಟಕ ಆಡುವ ಅಭ್ಯಾಸ ನಮಗಿದೆ. ಯಕ್ಷಗಾನ ಬೊಂಬೆಯಾಟದ ಪರಂಪರೆ ಕಾಸರಗೋಡಿನಲ್ಲೇ ಇದೆ, ಗೊಂಬೆಯ ಬಾಯಲ್ಲಿ ಬಂದ ಕಟು ಮಾತಿಗೆ ಯಾರಿಗೂ ಕೋಪ ಬರುವುದಿಲ್ಲ. ಬೇಕಾದದ್ದು ಜಾಥಾದವರ ಶಿಸ್ತು. ಆಡುವ ಮೊದಲು ಲೆಕ್ಕ ಸರಿಯಾಗಿ ತಿಳಿದುಕೊಳ್ಳಬೇಕು. ಜನರ ನಿಜವಾದ ಅಗತ್ಯವನ್ನು ಹಾಸ್ಯ ಮಾಡಬಾರದು. ನಾಟಕ ನೋಡಿದವರು ಮರುದಿನ ಬೆಳಿಗ್ಗೆ ತಮ್ಮ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವನ್ನಾದರೂ ಕಲಿಸಿ ಬರಬೇಕು. ಬರುವ ತಿಂಗಳು ಪ್ರತಿ ವಾರ್ಡಿನಿಂದ ಇಬ್ಬರು ಮುಂದೆ ಬಂದರೆ ತಂಡ ಕಟ್ಟಲು ಅಷ್ಟು ಸಾಕು.