ರೈಲ್ವೆ ಕೌಂಟರ್‌ನ ಹಳೇ ಕಂಪ್ಯೂಟರ್‌ನಲ್ಲಿ ಬೇರೆ ಸೀಟು ಇರುತ್ತಾ? ಕಪ್ಪು ಪರದೆ ಮೊಬೈಲ್‌ಗೆ ಬಂದ ಬಗೆ

ಹಬ್ಬ ಹತ್ತಿರ ಬಂದರೆ ಸಾಕು, ಒಂದು ಮಾತು ಕೇಳಿಬರುತ್ತದೆ: ಆ್ಯಪ್‌ನಲ್ಲಿ ವೇಟಿಂಗ್ ಲಿಸ್ಟ್ ತೋರಿಸಿದರೂ ಚಿಂತೆ ಬೇಡ, ಕೌಂಟರ್‌ನ ಹಳೇ ಕಂಪ್ಯೂಟರ್‌ನಲ್ಲಿ ಬೇರೆಯೇ ಸೀಟುಗಳಿರುತ್ತವೆ ಅಂತ. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿರುವವರು ಇದನ್ನು ನಂಬಿ, ಒಂದು ಪಾಳಿ ಬಿಟ್ಟು, ಕೌಂಟರ್ ಮುಂದೆ ಸಾಲಿನಲ್ಲಿ ನಿಂತರೆ ಅಂದಿನ ಸಂಬಳವೂ ಹೋಗುತ್ತದೆ, ಸೀಟೂ ಸಿಗುವುದಿಲ್ಲ.

ಚುಟುಕಾದ ಉತ್ತರ ಇಷ್ಟು: ಕಾಯ್ದಿರಿಸುವ ಸೀಟುಗಳ ಲೆಕ್ಕ ಇರುವುದು ಒಂದೇ ಕಡೆ. ಕೌಂಟರ್‌ನ ಪರದೆ, ವೆಬ್‌ಸೈಟ್, ಆ್ಯಪ್ ಎಲ್ಲವೂ ಆ ಒಂದೇ ಲೆಕ್ಕವನ್ನು ನೋಡುವ ಬೇರೆ ಬೇರೆ ಕಿಟಕಿಗಳು. ಹೇಗೆ ಅಂತ ನೋಡೋಣ.

ಆ ಲೆಕ್ಕ ಎಲ್ಲಿದೆ?

ಕಂಪ್ಯೂಟರ್ ಬರುವ ಮೊದಲು ರೈಲಿನ ಸೀಟುಗಳ ಲೆಕ್ಕ ದಪ್ಪ ರಿಜಿಸ್ಟರ್‌ಗಳಲ್ಲಿತ್ತು. ಯಾವ ರೈಲಿನ ರಿಜಿಸ್ಟರ್ ಯಾವ ಕೌಂಟರ್‌ನಲ್ಲಿದೆಯೋ ಅಲ್ಲಿಗೇ ಹೋಗಬೇಕಿತ್ತು. 1985ರಲ್ಲಿ ದೆಹಲಿಯಲ್ಲಿ ಕಂಪ್ಯೂಟರ್ ಮೂಲಕ ಸೀಟು ಕಾಯ್ದಿರಿಸುವುದು ಪ್ರಾಯೋಗಿಕವಾಗಿ ಶುರುವಾಯಿತು. ಈ ವ್ಯವಸ್ಥೆಗೆ ಪಿಆರ್‌ಎಸ್ ಎಂದು ಹೆಸರು. 1986ರಲ್ಲಿ ರೈಲ್ವೆಯ ಸಾಫ್ಟ್‌ವೇರ್ ಕೆಲಸಕ್ಕೆಂದೇ ಕ್ರಿಸ್ ಎಂಬ ಸಂಸ್ಥೆ ಹುಟ್ಟಿತು. ಅದು ಬರೆದ 'ಕನ್ಸರ್ಟ್' ಎಂಬ ಸಾಫ್ಟ್‌ವೇರ್ 1994ರಲ್ಲಿ ಸಿಕಂದರಾಬಾದ್‌ನಲ್ಲಿ ಮೊದಲು ಓಡಿತು. 1999ರ ಹೊತ್ತಿಗೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಎಂಬ ಐದೂ ಕೇಂದ್ರಗಳು ಒಂದಕ್ಕೊಂದು ಜೋಡಣೆಯಾದವು. ಎಲ್ಲಿಂದ ಎಲ್ಲಿಗೆ ಬೇಕಾದರೂ ಯಾವ ಕೌಂಟರ್‌ನಲ್ಲಾದರೂ ಟಿಕೆಟ್ ತೆಗೆಯಲು ಸಾಧ್ಯವಾಗಿದ್ದು ಇದರಿಂದ.

ಇದರ ಗುರುತು ಈಗಲೂ ನಿಮ್ಮ ಟಿಕೆಟ್ ಮೇಲಿದೆ. 10 ಅಂಕಿಯ ಪಿಎನ್‌ಆರ್‌ನ ಮೊದಲ ಅಂಕಿ ಈ ಐದರಲ್ಲಿ ಯಾವ ಕೇಂದ್ರದ್ದು ಎಂದು ಹೇಳುತ್ತದೆ. ದಕ್ಷಿಣದ ಚೆನ್ನೈ ಕೇಂದ್ರಕ್ಕೆ ಸೇರಿದ ರೈಲಾದರೆ ಸಾಮಾನ್ಯವಾಗಿ 4ರಿಂದ ಶುರುವಾಗುತ್ತದೆ. ಆ್ಯಪ್‌ನಲ್ಲಿ ತೆಗೆದ ಟಿಕೆಟ್‌ಗೂ ಇದೇ ಕ್ರಮ.

ಕಪ್ಪು ಪರದೆ ಅಂದರೇನು?

ಕೌಂಟರ್‌ನಲ್ಲಿ ಗುಮಾಸ್ತರ ಮುಂದೆ ಬರೀ ಅಕ್ಷರಗಳೇ ತುಂಬಿದ ಪರದೆಯನ್ನು ನೀವು ನೋಡಿರಬಹುದು. ಇದಕ್ಕೆ ಟರ್ಮಿನಲ್ ಎನ್ನುತ್ತಾರೆ. ಹಳೆಯ ಟರ್ಮಿನಲ್‌ಗೆ ಸ್ವಂತ ಬುದ್ಧಿ ಇಲ್ಲವೆಂದೇ ಹೇಳಬಹುದು. ಒತ್ತಿದ ಕೀಲಿಯನ್ನು ದೂರದ ದೊಡ್ಡ ಕಂಪ್ಯೂಟರ್‌ಗೆ ಕಳಿಸುವುದು, ಅಲ್ಲಿಂದ ಬಂದದ್ದನ್ನು ತೋರಿಸುವುದು, ಅಷ್ಟೇ ಅದರ ಕೆಲಸ.

ಬ್ಯಾಂಕು, ವಿಮೆ ಕಂಪನಿ, ವಿಮಾನ ಸಂಸ್ಥೆಗಳಲ್ಲೂ ಇದೇ ರೀತಿ. ಅಲ್ಲಿ ಹಿಂದೆ ಇರುವುದು ಹೆಚ್ಚಾಗಿ ಮೇನ್‌ಫ್ರೇಮ್ ಎಂಬ ದೈತ್ಯ ಕಂಪ್ಯೂಟರ್. ಐಬಿಎಂ ಕಂಪನಿ 1971ರಲ್ಲಿ ತಂದ '3270' ಜಾತಿಯ ಟರ್ಮಿನಲ್‌ಗಳು ಇದಕ್ಕೆ ಹೆಸರುವಾಸಿ. 24 ಸಾಲು, ಸಾಲಿಗೆ 80 ಅಕ್ಷರ ಎಂಬ ಅಳತೆ ಇಂಥ ಪರದೆಗಳಲ್ಲಿ ರೂಢಿಯಾಯಿತು. 80 ಎಂಬ ಸಂಖ್ಯೆ ಇನ್ನೂ ಹಳೆಯದು. 1928ರಲ್ಲಿ ಐಬಿಎಂ ತಂದ ರಂಧ್ರದ ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು. ರೈಲ್ವೆಯ ಪಿಆರ್‌ಎಸ್ ಮೇನ್‌ಫ್ರೇಮ್ ಮೇಲೆ ಕಟ್ಟಿದ್ದಲ್ಲ. ಅದಕ್ಕಿಂತ ಚಿಕ್ಕದಾದ ವ್ಯಾಕ್ಸ್ ಕಂಪ್ಯೂಟರ್‌ಗಳ ಮೇಲೆ ಶುರುವಾಗಿ ಮುಂದೆ ಅದೇ ವಂಶದ ಯಂತ್ರಗಳಿಗೆ ಹೋಯಿತು. ಆದರೆ ಮುಂದೆ ಅಕ್ಷರದ ಪರದೆ, ಹಿಂದೆ ದೊಡ್ಡ ಲೆಕ್ಕ ಎಂಬ ಕ್ರಮ ಎರಡರಲ್ಲೂ ಒಂದೇ.

ನೋಡಲು ಹಳೆಯದಾದರೂ ಈ ಪರದೆ ನಿಧಾನವಲ್ಲ. ಪಳಗಿದ ಗುಮಾಸ್ತರು ಮೌಸ್ ಮುಟ್ಟದೆ, ಬಿಡದಿಗೆ ಬಿಐಡಿ, ಚನ್ನಪಟ್ಟಣಕ್ಕೆ ಸಿಪಿಟಿ ಎಂದು ನಿಲ್ದಾಣದ ಸಂಕೇತಗಳನ್ನು ಹೊಡೆದು ಸರಸರನೆ ಕೆಲಸ ಮುಗಿಸುತ್ತಾರೆ. ತೊಂದರೆ ಇರುವುದು ಹೊಸಬರಿಗೆ. ಯಾವ ಸಂಕೇತ, ಯಾವ ಕೀಲಿ ಅಂತ ಕಲಿಯದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು.

ಅದನ್ನು ಬ್ರೌಸರ್‌ಗೆ ತರುವುದು ಹೇಗೆ?

ಹಳೆಯ ವ್ಯವಸ್ಥೆಯನ್ನು ಜನರ ಫೋನಿಗೆ ತರಲು ಮುಖ್ಯವಾಗಿ ನಾಲ್ಕು ದಾರಿಗಳಿವೆ.

1. ಇದ್ದ ಪರದೆಯನ್ನು ಇದ್ದ ಹಾಗೇ ಬ್ರೌಸರ್ ಒಳಗೆ ತೋರಿಸುವುದು. ಸುಲಭ, ಆದರೆ ಕಲಿಯದವರಿಗೆ ಉಪಯೋಗವಿಲ್ಲ.

2. ಹೊಸ ಹೊದಿಕೆ ಹಾಕುವುದು. ನಡುವಿನ ಒಂದು ಸಾಫ್ಟ್‌ವೇರ್ ಹಳೆ ಪರದೆಯನ್ನು ಓದಿ, ಐದನೇ ಸಾಲಿನಲ್ಲಿ ಹೆಸರು, ಏಳನೇ ಸಾಲಿನಲ್ಲಿ ವಯಸ್ಸು ಎಂದು ಗುರುತಿಸಿ, ಅದನ್ನು ಬಣ್ಣದ ಫಾರಂ ಮಾಡಿ ಕೊಡುತ್ತದೆ. ಒಳಗೆ ಯಾರಾದರೂ ಒಂದು ಸಾಲು ಆಚೀಚೆ ಮಾಡಿದರೆ ಎಲ್ಲವೂ ಕೆಡುತ್ತದೆ.

3. ಪರದೆಯನ್ನೇ ಬಿಟ್ಟು, ಒಳಗಿನ ಪ್ರೋಗ್ರಾಂ ಜೊತೆ ನೇರವಾಗಿ ಮಾತಾಡುವುದು. ಕೆಲಸ ಹೆಚ್ಚು, ಆದರೆ ಗಟ್ಟಿ.

4. ಒಳಗಿನದನ್ನೇ ಹೊಸದಾಗಿ ಕಟ್ಟುವುದು. ಎಲ್ಲಕ್ಕಿಂತ ದುಬಾರಿ, ಅಪಾಯವೂ ಹೆಚ್ಚು. ದಶಕಗಳ ನಿಯಮಗಳೆಲ್ಲ ಆ ಹಳೆ ಪ್ರೋಗ್ರಾಂ ಒಳಗೆ ಕೂತಿರುತ್ತವೆ.

ಐಆರ್‌ಸಿಟಿಸಿ ವೆಬ್‌ಸೈಟ್‌ನಲ್ಲಿ ಟಿಕೆಟ್ ಕೊಡುವುದು 2002ರ ಆಗಸ್ಟ್ 3ರಂದು ಶುರುವಾಯಿತು. ಅದು ಪಿಆರ್‌ಎಸ್‌ಗೆ ಬದಲಿಯಾಗಿ ಬಂದದ್ದಲ್ಲ, ಅದರ ಮುಂದೆ ತೆರೆದ ಇನ್ನೊಂದು ಬಾಗಿಲು.

ಬಿಡದಿಯ ತಟ್ಟೆ ಇಡ್ಲಿ ಹೋಟೆಲನ್ನೇ ನೆನೆಯಿರಿ. ಪಾರ್ಸಲ್‌ಗೆ ಇನ್ನೊಂದು ಕೌಂಟರ್ ತೆರೆಯಬಹುದು, ಫೋನಿನಲ್ಲೂ ಆರ್ಡರ್ ತೆಗೆದುಕೊಳ್ಳಬಹುದು. ಒಲೆ ಮೇಲಿನ ಪಾತ್ರೆ ಒಂದೇ ಆದರೆ ಬೇಯುವ ಇಡ್ಲಿ ಅಷ್ಟೇ.

ಬೆಳಗ್ಗೆ 10 ಗಂಟೆಗೆ ಆ್ಯಪ್ ಯಾಕೆ ಸುತ್ತುತ್ತಾ ಕೂರುತ್ತದೆ?

ಎಸಿ ತತ್ಕಾಲ್ 10ಕ್ಕೆ, ಎಸಿ ಅಲ್ಲದ್ದು 11ಕ್ಕೆ ತೆರೆಯುತ್ತದೆ. ಲಕ್ಷಾಂತರ ಜನ ಏಕಕಾಲಕ್ಕೆ ನುಗ್ಗಿದರೆ ಬಾಗಿಲು ಎಷ್ಟು ಚೆಂದವಿದ್ದರೂ ಒಳಗಿನ ಶಕ್ತಿಗೆ ಮಿತಿ ಇದ್ದೇ ಇದೆ. ರೈಲ್ವೆ ಸಚಿವಾಲಯ 2025ರ ಜೂನ್‌ನಲ್ಲಿ ಹೇಳಿದ ಪ್ರಕಾರ ಆಗ ನಿಮಿಷಕ್ಕೆ 32,000 ಟಿಕೆಟ್ ಕೊಡಬಲ್ಲ ವ್ಯವಸ್ಥೆ ಇತ್ತು. ಅದನ್ನು 1.5 ಲಕ್ಷಕ್ಕೂ ಮೇಲೆ ಏರಿಸಲು ಪಿಆರ್‌ಎಸ್ ಅನ್ನೇ ಹೊಸದು ಮಾಡುವ ಕೆಲಸ ಕೈಗೆತ್ತಿಕೊಂಡಿತು. ಅಂದರೆ ಬರೀ ಪರದೆಯಲ್ಲ, ಪಾತ್ರೆಯನ್ನೇ ದೊಡ್ಡದು ಮಾಡುವ ಕೆಲಸ.

'ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ' ಅನ್ನುವುದೇಕೆ?

ಟರ್ಮಿನಲ್‌ನ ಮಾತುಕತೆ ಫೋನ್ ಕರೆಯಿದ್ದಂತೆ. ಕರೆ ಮುಗಿಯುವ ತನಕ ಆ ಕಡೆಯವರಿಗೆ ಯಾರು, ಏನು ಕೇಳಿದರು ಎಂಬುದೆಲ್ಲ ನೆನಪಿರುತ್ತದೆ. ಬ್ರೌಸರ್‌ನದು ಪತ್ರ ಬರೆದಂತೆ. ಒಂದೊಂದು ಪುಟವೂ ಒಂದೊಂದು ಹೊಸ ಪತ್ರ. ಈ ಪತ್ರಗಳನ್ನೆಲ್ಲ ಜೋಡಿಸಿ ಒಂದೇ ಮಾತುಕತೆಯಾಗಿ ಹಿಡಿದಿಡುವ ಕೆಲಸ ನಡುವಿನ ಸಾಫ್ಟ್‌ವೇರ್‌ನದು. ಹಣ ಕಟ್ಟುವಾಗ ನಿಮ್ಮ ಬ್ಯಾಂಕ್ ಎಂಬ ಮೂರನೆಯವರೂ ಸೇರುತ್ತಾರೆ. ಆ ಹೊತ್ತಿನಲ್ಲಿ ಬ್ಯಾಕ್ ಒತ್ತಿದರೆ ಮಾತುಕತೆ ಎಲ್ಲಿಗೆ ನಿಂತಿತ್ತು ಅನ್ನುವುದೇ ತಪ್ಪಿಹೋಗಬಹುದು. ಹಣ ಹೋಗಿ ಟಿಕೆಟ್ ಬಾರದೆ ಉಳಿಯುವುದು ಇಂಥ ಕಡೆ.

ಹಾಗಾದರೆ ನೀವು ಏನು ಮಾಡಬೇಕು?

* ಆ್ಯಪ್‌ನಲ್ಲಿ ಸೀಟಿಲ್ಲ ಅಂತ ಮಾತ್ರಕ್ಕೆ ಕೌಂಟರ್‌ನಲ್ಲಿ ಸಿಗುತ್ತದೆ ಎಂದು ಕೆಲಸ ಬಿಟ್ಟು ಹೋಗಬೇಡಿ. ಲೆಕ್ಕ ಒಂದೇ. ನಿಯಮದಲ್ಲಿ ಮಾತ್ರ ವ್ಯತ್ಯಾಸವಿದೆ: ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗಿ ಹಣ ಹಿಂದಿರುಗುತ್ತದೆ, ಕೌಂಟರ್ ಟಿಕೆಟ್ ಹಾಗೆ ರದ್ದಾಗುವುದಿಲ್ಲ, ಅದನ್ನು ನೀವೇ ರದ್ದು ಮಾಡಿಸಬೇಕು.

* ಹಣ ಕಡಿತವಾಗಿ ಟಿಕೆಟ್ ಬರದಿದ್ದರೆ ತಕ್ಷಣ ಎರಡನೇ ಸಲ ಕಟ್ಟಬೇಡಿ. ಮೊದಲು ಖಾತೆಯ 'ಬುಕ್ ಆದ ಟಿಕೆಟ್‌ಗಳು' ಪಟ್ಟಿ ನೋಡಿ. ರಿಸರ್ವ್ ಬ್ಯಾಂಕ್‌ನ 2019ರ ನಿಯಮದಂತೆ, ಯುಪಿಐನಲ್ಲಿ ಹಣ ಹೋಗಿ ಮಾರುವವರಿಗೆ ಖಚಿತವಾಗದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

* ಹಣ ವಾಪಸ್ ಕೊಡಿಸುತ್ತೇವೆ ಎಂದು ಫಾರ್ವರ್ಡ್‌ನಲ್ಲಿ ಬಂದ ನಂಬರ್‌ಗೆ ಕರೆ ಮಾಡಬೇಡಿ. ರೈಲ್ವೆ ಸಹಾಯವಾಣಿ 139. ಮೋಸ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

* ಪರದೆ ಚೆಂದವಿದೆ ಅಂತ ತಾಣವನ್ನು ನಂಬಬೇಡಿ. ವೆಬ್ ಪುಟದ ರೂಪವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಲಿಂಕ್ ಒತ್ತುವ ಬದಲು ವಿಳಾಸವನ್ನು ನೀವೇ ಟೈಪ್ ಮಾಡಿ.

ನೆನಪಿಡಿ: ಬಿಡದಿಯಿಂದ ಬೆಂಗಳೂರಿಗೋ ಮೈಸೂರಿಗೋ ದಿನಾ ತೆಗೆಯುವ ಸಾಮಾನ್ಯ ಟಿಕೆಟ್‌ಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದರ ವ್ಯವಸ್ಥೆಯೇ ಬೇರೆ, ಯುಟಿಎಸ್ ಎಂದು ಹೆಸರು. ಅದರಲ್ಲಿ ಸೀಟಿನ ಲೆಕ್ಕವೇ ಇಲ್ಲ. ಸೀಟು ಕಾಯ್ದಿರಿಸಿ ದೂರದ ಊರಿಗೆ ಹೊರಟವರಿಗೆ ಮಾತ್ರ ಈ ಮಾತು: ಕಿಟಕಿ ಯಾವುದಾದರೂ ಒಳಗಿನ ಪುಸ್ತಕ ಒಂದೇ.